ತೊಳೆದ ಮೇಲೂ ಹಳೆಯ ಸೋಲ್ 45 ಯಾಕೆ ಕರಕರ ಅನ್ನುತ್ತದೆ?

ಪ್ರಶ್ನೆ: ಅಮೆರಿಕದಲ್ಲಿರುವ ಅಣ್ಣ ಈ ಸಲ ಬಂದಾಗ 1960ರ ದಶಕದ ಒಂದಷ್ಟು ಸೋಲ್ 45 ರೆಕಾರ್ಡ್‌ಗಳನ್ನು (ಕಪ್ಪು ಅಮೆರಿಕನ್ನರ ಸೋಲ್ ಸಂಗೀತದ, ನಿಮಿಷಕ್ಕೆ 45 ಸುತ್ತು ತಿರುಗುವ ಚಿಕ್ಕ ರೆಕಾರ್ಡ್‌ಗಳು) ತಂದುಕೊಟ್ಟ. ನೋಡಲು ಫಳಫಳ ಹೊಳೆಯುತ್ತವೆ, ದೊಡ್ಡ ಗೀರೂ ಇಲ್ಲ. ಆದರೂ ಕೆಲವು ಹಾಡುಗಳ ಉದ್ದಕ್ಕೂ ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಸದ್ದು. ಎರಡು ಸಲ ತೊಳೆದೆ, ಕಡಿಮೆಯಾಗಲಿಲ್ಲ. ಒಂದರ ಲೇಬಲ್ ಕಿತ್ತೇ ಬಂತು. ನಾನು ತೊಳೆದ ಕ್ರಮ ತಪ್ಪೇ, ರೆಕಾರ್ಡೇ ಹಾಳಾಗಿದೆಯೇ?

ಉತ್ತರ: ಲೇಬಲ್ ಕಿತ್ತು ಬಂತು ಎಂದಿರಲ್ಲ, ಅರ್ಧ ಉತ್ತರ ಅಲ್ಲೇ ಇದೆ. ಆ ರೆಕಾರ್ಡ್ ಬಹುಶಃ ಎಂದಿನ ವಿನೈಲ್ ಪ್ಲಾಸ್ಟಿಕ್ ಆಗಿರಲಾರದು, ಪಾಲಿಸ್ಟೈರೀನ್ (ಚುಟುಕಾಗಿ ಸ್ಟೈರೀನ್) ಎಂಬ ಬೇರೆ ಪ್ಲಾಸ್ಟಿಕ್ ಇರಬೇಕು. ವಿನೈಲ್ ರೆಕಾರ್ಡನ್ನು ಒತ್ತುವಾಗ ಲೇಬಲ್ ಕಾಗದವನ್ನೂ ಅಚ್ಚಿನೊಳಗೇ ಇಟ್ಟು ಒತ್ತುತ್ತಾರೆ. ಬಿಸಿಗೆ ಕಾಗದ ಪ್ಲಾಸ್ಟಿಕ್‌ಗೇ ಬೆಸೆದುಕೊಳ್ಳುತ್ತದೆ, ಅಂಟಿನ ಕೆಲಸವೇ ಇಲ್ಲ. ಸ್ಟೈರೀನ್ ಹಾಗಲ್ಲ. ಬಾಚಣಿಗೆ, ಪೆನ್ನಿನ ಕೊಳವೆ ಮಾಡುವ ಇಂಜೆಕ್ಷನ್ ಮೋಲ್ಡಿಂಗ್ ಕ್ರಮದಲ್ಲಿ ಬಿಲ್ಲೆ ಮೊದಲು ತಯಾರಾಗುತ್ತದೆ, ಲೇಬಲನ್ನು ಆಮೇಲೆ ಅಂಟಿಸುತ್ತಾರೆ. ಅರುವತ್ತು ವರ್ಷದ ಹಳೆಯ ಅಂಟು ನೀರು ಕಂಡರೆ ಬಿಟ್ಟುಕೊಡುತ್ತದೆ.

ಈ ಕ್ರಮದಲ್ಲಿ ಕೆಲಸ ಬೇಗ ಸಾಗುತ್ತಿತ್ತು, ರೆಕಾರ್ಡಿನ ಮೇಲೆ ಗೆರೆ ಮೂಡಿಸುವ ಲೋಹದ ಅಚ್ಚುಗಳಾದ ಸ್ಟ್ಯಾಂಪರ್‌ಗಳೂ ಹೆಚ್ಚು ಕಾಲ ಬಾಳುತ್ತಿದ್ದವು. ಸಿಂಗಲ್ (ಬದಿಗೊಂದೇ ಹಾಡಿರುವ ಇಂಥ ರೆಕಾರ್ಡ್) ಅಂದರೆ ಕೆಲವು ತಿಂಗಳು ಓಡುವ ಸರಕು ಎಂದೇ ಕಂಪನಿಗಳ ಲೆಕ್ಕ. ಹೊಸ ಸ್ಟೈರೀನ್ ರೆಕಾರ್ಡ್ ಕೇಳಲು ಸೊಗಸಾಗಿಯೇ ಇರುತ್ತದೆ, ಹಿನ್ನೆಲೆ ಸದ್ದು ತೀರಾ ಕಡಿಮೆ. ತೊಂದರೆ ಇರುವುದು ಬಾಳಿಕೆಯಲ್ಲಿ. ವಿನೈಲ್ ಸ್ವಲ್ಪ ಬಾಗುತ್ತದೆ, ಸ್ಟೈಲಸ್ (ಪ್ಲೇಯರ್ ಸೂಜಿ) ಹಾದುಹೋದ ಮೇಲೆ ಮತ್ತೆ ಮೊದಲಿನಂತಾಗುತ್ತದೆ. ಸ್ಟೈರೀನ್ ಗಟ್ಟಿ, ಆದರೆ ಪೆಡಸು. ಭಾರದ ಟೋನ್‌ಆರ್ಮ್ (ಸೂಜಿ ಹಿಡಿದ ತೋಳು) ಅಥವಾ ಸವೆದ ಸ್ಟೈಲಸ್ ಓಡಿದರೆ ಹಾಡು ಕೊರೆದ ಗೆರೆಯ, ಅಂದರೆ ಗ್ರೂವ್‌ನ ಗೋಡೆಯಿಂದ ಸಣ್ಣ ಸಣ್ಣ ಚೂರು ಎದ್ದುಹೋಗುತ್ತದೆ. ಹೊರಗಿನಿಂದ ನೋಡಿದರೆ ಹೊಳಪು ಹಾಗೇ ಇರುತ್ತದೆ. ನೀವು ಕೇಳುತ್ತಿರುವುದು ಹೆಚ್ಚಾಗಿ ಕೊಳೆಯ ಸದ್ದಲ್ಲ, ಗೋಡೆ ಸವೆದ ಸದ್ದು. ಅದನ್ನು ಯಾವ ದ್ರವವೂ ತುಂಬಿಕೊಡುವುದಿಲ್ಲ.

ಹಾಗಾಗಿ ಸೋಲ್ 45 ಕೈಗೆ ಬಂದ ಕೂಡಲೇ ನೀರು ಮುಟ್ಟಿಸಬೇಡಿ. ಅದು ಯಾವ ಪ್ಲಾಸ್ಟಿಕ್ ಎಂದು ಮೊದಲು ನೋಡಿ.

ನೋಡುವುದು ಕಷ್ಟವಿಲ್ಲ. ಅಂಚನ್ನು ಕಣ್ಣಿನ ಮಟ್ಟಕ್ಕೆ ಹಿಡಿಯಿರಿ. ವಿನೈಲ್ 45ರ ಅಂಚು ಸಾಮಾನ್ಯವಾಗಿ ತೆಳ್ಳಗಾಗುತ್ತಾ ಹೋಗಿ ಚೂಪಾಗಿ ಮುಗಿಯುತ್ತದೆ. ಸ್ಟೈರೀನ್ ಅಂಚು ಕತ್ತರಿಸಿಟ್ಟ ಹಾಗೆ ನೇರ, ಚಪ್ಪಟೆ. ನಡುವಿನ ತೂತಿನಲ್ಲಿ ಬೆರಳು ತೂರಿಸಿ ರೆಕಾರ್ಡನ್ನು ತೂಗಾಡಿಸಿ, ಇನ್ನೊಂದು ಕೈಯ ಉಗುರಿನಿಂದ ಅಂಚನ್ನು ತಟ್ಟಿ: ಸ್ಟೈರೀನ್ ಟಣ್ ಅನ್ನುತ್ತದೆ, ವಿನೈಲ್ ಮಂಕಾಗಿ ಟಪ್ ಅನ್ನುತ್ತದೆ. ಒಂದೇ ಅಳತೆಯ ಎರಡನ್ನು ಕೈಯಲ್ಲಿಟ್ಟರೆ ಸ್ಟೈರೀನ್ ಹಗುರ. ಬಗ್ಗಿಸಿ ಪರೀಕ್ಷಿಸಿ ಎನ್ನುವವರ ಮಾತು ಕೇಳಬೇಡಿ. ಸ್ಟೈರೀನ್ ಬಗ್ಗುವುದಿಲ್ಲ ಎಂಬುದು ನಿಜ, ಆದರೆ ಅದು ಗೊತ್ತಾಗುವಷ್ಟರಲ್ಲಿ ಸೀಳಿರುತ್ತದೆ.

ಇನ್ನೂ ಖಚಿತವಾಗಬೇಕೆಂದರೆ ಹಾಡು ಮುಗಿದ ಮೇಲೆ ಲೇಬಲ್ ಸುತ್ತ ಉಳಿಯುವ ಖಾಲಿ ಪಟ್ಟಿಯನ್ನು ಓದಬೇಕು. ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದರೆ ಅಲ್ಲಿ ಕೊರೆದ ಗುರುತುಗಳು ಕಾಣುತ್ತವೆ. ಸಣ್ಣ ತ್ರಿಕೋನ, ಅದರ ಪಕ್ಕ ಐದಾರು ಅಂಕಿ, ಜೊತೆಗೆ ವೃತ್ತದೊಳಗೆ ಎಂಆರ್ ಮುದ್ರೆ ಇದ್ದರೆ ಅದು ಲಾಸ್ ಏಂಜಲೀಸ್‌ನ ಮೊನಾರ್ಕ್ ಕಾರ್ಖಾನೆಯದು. 1960ರ ದಶಕದ ಮೊನಾರ್ಕ್ 45 ಅಂದರೆ ಸ್ಟೈರೀನ್ ಎಂದೇ ಇಟ್ಟುಕೊಳ್ಳಿ. ಎಆರ್‌ಪಿ ಎಂಬ ಮೂರಕ್ಷರ ಹೆಣೆದುಕೊಂಡ ಮುದ್ರೆ ಇದ್ದರೆ ಮಿಶಿಗನ್ ರಾಜ್ಯದ ಒವಾಸೊ ಊರಿನ ಅಮೆರಿಕನ್ ರೆಕಾರ್ಡ್ ಪ್ರೆಸ್ಸಿಂಗ್. ಡೆಟ್ರಾಯ್ಟ್‌ಗೆ ಹತ್ತಿರದ ಕಾರ್ಖಾನೆಯಾದ್ದರಿಂದ ಆ ಊರಿನ ಸೋಲ್ ಕಂಪನಿ ಮೋಟೌನ್‌ನ ಬಹಳಷ್ಟು ಸಿಂಗಲ್‌ಗಳು ಅಲ್ಲಿ ವಿನೈಲ್‌ನಲ್ಲಿ ತಯಾರಾದವು. 1972ರಲ್ಲಿ ಬೆಂಕಿ ಬಿದ್ದು ಆ ಕಾರ್ಖಾನೆ ಮುಗಿಯಿತು. ನ್ಯಾಶ್‌ವಿಲ್‌ನ ಸದರ್ನ್ ಪ್ಲಾಸ್ಟಿಕ್ಸ್ ಕೂಡ ಮೋಟೌನ್‌ಗೆ ವಿನೈಲ್ ಒತ್ತಿಕೊಡುತ್ತಿತ್ತು. ವರ್ಣಭೇದದಿಂದಾಗಿ ಕಪ್ಪು ಜನರಿಗೆ ಆ ಊರಿನ ಹೋಟೆಲುಗಳಲ್ಲಿ ಕೋಣೆ ಸಿಗದ ಕಾಲ ಅದು. ಬಂದ ಕಪ್ಪು ಗಿರಾಕಿಗಳು ಉಳಿಯಲೆಂದು ಕಾರ್ಖಾನೆಯ ಮಹಡಿಯಲ್ಲೇ ಕೋಣೆಗಳಿದ್ದವು, ಅದಕ್ಕೆ ಮೋಟೌನ್ ಸ್ವೀಟ್ (suite, ತಂಗುವ ಕೋಣೆಗಳ ಸಾಲು) ಎಂದೇ ಹೆಸರು.

ಅಂದರೆ ಒಂದೇ ಹಾಡು, ಒಂದೇ ಕ್ರಮಸಂಖ್ಯೆ, ಒಂದೇ ಲೇಬಲ್ ಇದ್ದರೂ ಪೂರ್ವದ ಊರುಗಳಲ್ಲಿ ವಿನೈಲ್ ಮಾರಿರಬಹುದು, ಕ್ಯಾಲಿಫೋರ್ನಿಯಾದಲ್ಲಿ ಸ್ಟೈರೀನ್ ಮಾರಿರಬಹುದು. ಎರಡೂ ಅಸಲಿಯೇ. ಅಟ್ಲಾಂಟಿಕ್ ಎಂಬ ರೆಕಾರ್ಡ್ ಕಂಪನಿ ಈ ವಿಷಯದಲ್ಲಿ ಸಂಗ್ರಾಹಕರಿಗೆ ದೊಡ್ಡ ಉಪಕಾರ ಮಾಡಿದೆ. 1960ರ ದಶಕದ ಅದರ ಹಲವು ಲೇಬಲ್‌ಗಳಲ್ಲಿ ಮ್ಯಾಟ್ರಿಕ್ಸ್ ಸಂಖ್ಯೆಯ (ಆ ಬದಿಯ ಧ್ವನಿಮುದ್ರಣಕ್ಕೆ ಕೊಟ್ಟ ಸಂಖ್ಯೆ) ಕೊನೆಗೆ ಎರಡು ಅಕ್ಷರ ಅಚ್ಚಾಗಿರುತ್ತವೆ. ಎಂಒ ಅಂದರೆ ಮೊನಾರ್ಕ್, ಎಲ್‌ವೈ ಅಂದರೆ ನ್ಯೂಯಾರ್ಕ್ ರಾಜ್ಯದ ಶೆಲ್ಲಿ, ಇವೆರಡೂ ಸ್ಟೈರೀನ್. ಎಸ್‌ಪಿ ಅಂದರೆ ಪೆನ್ಸಿಲ್ವೇನಿಯಾದ ಸ್ಪೆಷಾಲಿಟಿ, ಪಿಎಲ್ ಅಂದರೆ ಮೆಂಫಿಸ್‌ನ ಪ್ಲಾಸ್ಟಿಕ್ ಪ್ರಾಡಕ್ಟ್ಸ್, ಇವೆರಡೂ ವಿನೈಲ್. ಇನ್ನು ಕೊಲಂಬಿಯಾ ಬಳಗದ 45ಗಳು, ಅದರಲ್ಲೂ ಶಿಕಾಗೊ ಸೋಲ್ ಹಿಡಿದವರು ಬಿಡದೆ ಹುಡುಕುವ ಓಕೆ (OKeh) ಎಂಬ ಲೇಬಲ್‌ನವು, ಹೆಚ್ಚುಕಡಿಮೆ ಎಲ್ಲವೂ ಸ್ಟೈರೀನ್. ಅಲ್ಲಿ ಆಯ್ಕೆಯೇ ಇಲ್ಲ. ಕಡಿಮೆ ಸವೆದ ಪ್ರತಿ ಹುಡುಕುವುದೊಂದೇ ದಾರಿ.

ಈಗ ಸದ್ದಿಗೆ ಬರೋಣ. ಒಂದು ರೆಕಾರ್ಡನ್ನು ಪೂರ್ತಿ ಕೇಳಿ, ಸದ್ದಿನ ಲಯ ಗಮನಿಸಿ. ಟಕ್, ಟಕ್ ಎಂದು ಒಂದೇ ಅಂತರದಲ್ಲಿ, ಸುಮಾರು 1.3 ಸೆಕೆಂಡಿಗೊಮ್ಮೆ ಬಂದರೆ ಅದು ಗೀರು. 45 ವೇಗದಲ್ಲಿ ಒಂದು ಸುತ್ತಿಗೆ ಹಿಡಿಯುವ ಸಮಯ ಅಷ್ಟೇ. ಲಯವಿಲ್ಲದೆ ಅಲ್ಲೊಂದು ಇಲ್ಲೊಂದು ಸಿಡಿದರೆ ಧೂಳು ಅಥವಾ ಬೂಷ್ಟು, ಇದು ತೊಳೆದರೆ ಹೋಗುತ್ತದೆ. ನಿಮ್ಮದರ ಹಾಗೆ ಎರಡು ಸಲ ತೊಳೆದರೂ ಹೋಗದಿದ್ದರೆ ಹೆಚ್ಚಾಗಿ ಸವಕಳಿಯೇ. ಗಾಯಕರ ದನಿ ಏರಿದಾಗ, ಕಹಳೆಗಳು ಒಟ್ಟಿಗೆ ಎದ್ದಾಗ ಮಾತ್ರ ಸುಯ್ ಎಂದು ಹರಿದ ಸದ್ದು ಬಂದು, ಹಾಡು ಮೆತ್ತಗಾದಾಗ ಅದೂ ಮೆತ್ತಗಾದರೆ ಗ್ರೂವ್ ಸವೆದಿದೆ. ಹಾಡಿನ ಕೊನೆಯ ಅರ್ಧ ನಿಮಿಷದಲ್ಲಿ ಇದು ಹೆಚ್ಚಾಗುತ್ತದೆ, ಏಕೆಂದರೆ ಒಳಸುತ್ತುಗಳಲ್ಲಿ ಅದೇ ಧ್ವನಿಯನ್ನು ಚಿಕ್ಕ ಜಾಗದಲ್ಲಿ ಇಕ್ಕಟ್ಟಾಗಿ ಕೊರೆದಿರುತ್ತಾರೆ. ಜ್ಯೂಕ್‌ಬಾಕ್ಸ್‌ನಲ್ಲೂ ರೇಡಿಯೊದಲ್ಲೂ ಎದ್ದು ಕೇಳಲಿ ಎಂದು ಜೋರಾಗಿ ಕೊರೆದ ಸಿಂಗಲ್‌ಗಳಲ್ಲಂತೂ ಹೇಳುವುದೇ ಬೇಡ.

ಇನ್ನೊಂದು ಕಾಯಿಲೆ ಇದೆ. ಮೊದಲ ಐದಾರು ಸೆಕೆಂಡು ಮಾತ್ರ ಬರಬರ ಸದ್ದು, ಆಮೇಲೆ ಶುದ್ಧ. ಇದು ಕ್ಯೂ ಬರ್ನ್. ರೇಡಿಯೊ ಜಾಕಿಗಳು ಹಾಡು ಸರಿಯಾದ ಕ್ಷಣಕ್ಕೆ ಶುರುವಾಗಲೆಂದು ಸ್ಟೈಲಸ್ ಇಟ್ಟು ಪ್ಲೇಟನ್ನು ಹಿಂದೆ ಮುಂದೆ ತಿರುಗಿಸುತ್ತಿದ್ದರು. ವಿನೈಲ್ ತಕ್ಕಮಟ್ಟಿಗೆ ತಾಳಿಕೊಳ್ಳುತ್ತದೆ, ಸ್ಟೈರೀನ್ ಕೆಲವೇ ಸಲಕ್ಕೆ ಉದುರುತ್ತದೆ. ಬಿಳಿ ಲೇಬಲ್‌ನ ಪ್ರೊಮೊ ಪ್ರತಿಗಳನ್ನು ಅಪರೂಪ ಎಂದು ಹೆಚ್ಚು ದುಡ್ಡು ಕೊಟ್ಟು ಕೊಳ್ಳುವವರು ಇದನ್ನು ನೆನಪಿಡಬೇಕು. ಅವು ಹೋಗಿದ್ದೇ ರೇಡಿಯೊ ಸ್ಟೇಷನ್‌ಗಳಿಗೆ.

ತೊಳೆಯುವ ಕ್ರಮ

ವಿನೈಲ್ ಎಂದು ಖಾತ್ರಿಯಾದವಕ್ಕೆ: ಡಿಸ್ಟಿಲ್ಡ್ ವಾಟರ್ 900 ಮಿಲಿ, ಐಸೊಪ್ರೊಪೈಲ್ ಆಲ್ಕೊಹಾಲ್ 100 ಮಿಲಿ, ಬಣ್ಣ ಸುವಾಸನೆ ಇಲ್ಲದ ಪಾತ್ರೆ ತೊಳೆಯುವ ದ್ರವ ಎರಡು ಮೂರು ಹನಿ. ಹನಿ ಹೆಚ್ಚಿದರೆ ಒಣಗಿದ ಮೇಲೆ ಪೊರೆ ಉಳಿಯುತ್ತದೆ, ಅದೇ ಹೊಸ ಸದ್ದಾಗುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಸಾಕು, ಆದರೆ ಅದೇ ಅಂಗಡಿಯಲ್ಲಿ ಬ್ಯಾಟರಿ ಆಸಿಡ್ ಕ್ಯಾನೂ ಇರುತ್ತದೆ, ಚೀಟಿ ಓದಿ ತನ್ನಿ. ಬೆಂಗಳೂರಿನ ಬೋರ್‌ವೆಲ್ ನೀರಿನಲ್ಲಿ ತೊಳೆದರೆ ಬಕೆಟ್‌ಗೆ ಕಟ್ಟುವ ಬಿಳಿ ಕಲೆಯೇ ಗ್ರೂವ್‌ನಲ್ಲೂ ಕಟ್ಟುತ್ತದೆ. ಮೊದಲು ಒಣ ಕಾರ್ಬನ್ ಫೈಬರ್ ಬ್ರಷ್‌ನಿಂದ ಧೂಳು ತೆಗೆಯಿರಿ. ಆಮೇಲೆ ದ್ರವ ಹಚ್ಚಿ ಮೆತ್ತನೆಯ ಬ್ರಷ್ ಅಥವಾ ಮೈಕ್ರೊಫೈಬರ್ ಬಟ್ಟೆಯಿಂದ ಗ್ರೂವ್‌ಗಳು ಹೋದ ದಿಕ್ಕಿನಲ್ಲೇ ಒಂದು ನಿಮಿಷ ಸುತ್ತಿ. ಅಡ್ಡ ಉಜ್ಜಬಾರದು. ಬರೀ ಡಿಸ್ಟಿಲ್ಡ್ ವಾಟರ್‌ನಲ್ಲಿ ಎರಡು ಸಲ ಜಾಲಾಡಿ, ತಟ್ಟೆ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ನೆರಳಲ್ಲಿ ಒಣಗಿಸಿ. ಲೇಬಲ್ ಬೆಸೆದುಕೊಂಡಿದ್ದರೂ ಅದರ ಶಾಯಿ ಹರಡಬಹುದು, ಒದ್ದೆ ಮಾಡಬೇಡಿ.

ಸ್ಟೈರೀನ್‌ಗೆ ಆಲ್ಕೊಹಾಲ್ ಪೂರ್ತಿ ಬಿಡಿ. ಡಿಸ್ಟಿಲ್ಡ್ ವಾಟರ್ ಒಂದು ಲೀಟರಿಗೆ ಪಾತ್ರೆ ತೊಳೆಯುವ ದ್ರವದ ಎರಡೇ ಹನಿ. ಮುಳುಗಿಸುವ ಮಾತೇ ಇಲ್ಲ. ಬಟ್ಟೆಯನ್ನು ಒದ್ದೆ ಮಾಡಿ ಚೆನ್ನಾಗಿ ಹಿಂಡಿ, ರೆಕಾರ್ಡನ್ನು ಸಮತಟ್ಟಾದ ಮೆತ್ತೆಯ ಮೇಲಿಟ್ಟು, ಲೇಬಲ್‌ನಿಂದ ಒಂದು ಬೆರಳು ದೂರ ಬಿಟ್ಟು ಸುತ್ತಲೂ ಒರೆಸಿ. ಮತ್ತೊಂದು ಬಟ್ಟೆಯಿಂದ ಬರೀ ನೀರಿನಲ್ಲಿ ಒರೆಸಿ, ಒಣ ಬಟ್ಟೆ ಆಡಿಸಿ. ಅಂಗಡಿಯ ಬೆಲೆಚೀಟಿ ತೆಗೆಯಲು ಪೆಟ್ರೋಲ್, ಥಿನ್ನರ್, ನೇಲ್ ಪಾಲಿಶ್ ರಿಮೂವರ್, ನೀಲಗಿರಿ ಎಣ್ಣೆ, ಕಿತ್ತಳೆ ಸಿಪ್ಪೆಯ ಎಣ್ಣೆ ಇರುವ ಕ್ಲೀನರ್ ಯಾವುದನ್ನೂ ಮುಟ್ಟಿಸಬೇಡಿ. ಇವೆಲ್ಲ ಪಾಲಿಸ್ಟೈರೀನನ್ನು ಕರಗಿಸುತ್ತವೆ. ಫೆವಿಕಾಲ್ ಬಳಿದು ಒಣಗಿಸಿ ಸುಲಿಯುವ ವಿಡಿಯೊಗಳನ್ನು ನೋಡಿರುತ್ತೀರಿ. ಗಟ್ಟಿಮುಟ್ಟಾದ ವಿನೈಲ್ ಮೇಲೆ ಅದು ನಡೆದೀತು, ಆದರೆ ಸುಲಿಯುವಾಗ ಬಾಗಿಸಲೇಬೇಕಾಗುತ್ತದೆ, ಅಷ್ಟಕ್ಕೇ ಸ್ಟೈರೀನ್ ಸೀಳಬಹುದು. ಕಿತ್ತುಬಂದ ನಿಮ್ಮ ಲೇಬಲನ್ನು ಎರಡು ಬಿಳಿ ಕಾಗದಗಳ ನಡುವೆ ಪುಸ್ತಕದಡಿ ಇಟ್ಟು ಒಣಗಿಸಿ, ಹಿಂಬದಿಗೆ ಗೋಂದನ್ನು ತೆಳ್ಳಗೆ ಸವರಿ ನಡುವಿನ ತೂತಿಗೆ ಸರಿಹೊಂದಿಸಿ ಅಂಟಿಸಿ. ಇಲ್ಲಿ ಇನ್‌ಸ್ಟಂಟ್ ಗ್ಲೂ ಬೇಡ.

ಮನೆಯಲ್ಲಿ ತಾತನ ಕಾಲದ ಹೆಚ್‌ಎಂವಿ 78 ಪ್ಲೇಟುಗಳಿದ್ದರೆ ಅವನ್ನು ಈ ಎರಡು ಗುಂಪಿಗೂ ಸೇರಿಸಬೇಡಿ. ಅವುಗಳಲ್ಲಿರುವುದು ಅರಗು. ಆಲ್ಕೊಹಾಲ್ ಬಿದ್ದರೆ ಅರಗು ಕರಗುತ್ತದೆ. ಮೇಲೆ ಹೇಳಿದ ವಿನೈಲ್ ದ್ರವ ಅವಕ್ಕೆ ವಿಷ.

ಸವೆದದ್ದಕ್ಕೆ ಏನು ಮಾಡಬಹುದು

ಗುಣಪಡಿಸಲಾಗದಿದ್ದರೂ ಸದ್ದನ್ನು ಗಣನೀಯವಾಗಿ ತಗ್ಗಿಸಬಹುದು. ಆಂಪ್ಲಿಫೈಯರ್‌ನಲ್ಲಿ ಮೊನೊ ಬಟನ್ ಇದ್ದರೆ ಒತ್ತಿ. ಆ ಕಾಲದ ಹೆಚ್ಚಿನ ಸೋಲ್ ಸಿಂಗಲ್‌ಗಳು ಮೊನೊ, ಅಂದರೆ ಎರಡೂ ಸ್ಪೀಕರ್‌ಗೆ ಒಂದೇ ಧ್ವನಿ. ಮೊನೊ ಗ್ರೂವ್‌ನಲ್ಲಿ ಸಂಗೀತ ಇರುವುದು ಸ್ಟೈಲಸ್‌ನ ಅಕ್ಕಪಕ್ಕದ ಓಲಾಟದಲ್ಲಿ ಮಾತ್ರ. ಮೇಲೆ ಕೆಳಗಿನ ಕುಣಿತವೆಲ್ಲ ಧೂಳು, ಗೀರು, ಸವಕಳಿಯದೇ. ಎರಡು ಚಾನೆಲ್ ಕೂಡಿಸಿದಾಗ ಆ ಕುಣಿತ ತನ್ನನ್ನು ತಾನೇ ಹೊಡೆದುಹಾಕಿಕೊಳ್ಳುತ್ತದೆ. ಬಟನ್ ಇಲ್ಲದಿದ್ದರೆ ಮೊನೊ ಕಾರ್ಟ್ರಿಡ್ಜ್ (ಟೋನ್‌ಆರ್ಮ್ ತುದಿಯಲ್ಲಿ ಸೂಜಿ ಕೂರುವ ಭಾಗ) ಹಾಕಿಸಬಹುದು. ದುಡ್ಡು ಖರ್ಚಾಗದ ಉಪಾಯಗಳಲ್ಲಿ ಬಟನ್ ಒತ್ತುವುದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ವಿಚಿತ್ರವೆಂದರೆ ಸಾವಿರಾರು ರೂಪಾಯಿಯ ದ್ರವ ಕೊಂಡವರೂ ಇದನ್ನು ಮಾಡಿರುವುದಿಲ್ಲ.

ಸ್ಟೈಲಸ್ ಕೋನಿಕಲ್ (ತುದಿ ದುಂಡಗಿರುವುದು) ಇರಲಿ. ಆಡಿಯೊ ಟೆಕ್ನಿಕಾದ ವಿಎಂ95ಸಿ ಥರದ್ದು 2 ಗ್ರಾಂ ಭಾರದಲ್ಲಿ ಓಡುತ್ತದೆ. ಸೂಟ್‌ಕೇಸ್ ಆಕಾರದ ಅಗ್ಗದ ಪ್ಲೇಯರ್‌ಗಳ ಸೆರಾಮಿಕ್ ಕಾರ್ಟ್ರಿಡ್ಜ್ ಅದಕ್ಕಿಂತ ಎಷ್ಟೋ ಹೆಚ್ಚು ಭಾರ ಹೇರುತ್ತದೆ, ಸ್ಟೈರೀನನ್ನು ಅವುಗಳ ಹತ್ತಿರ ಸುಳಿಸಬೇಡಿ. ಇಂದಿನ ಸಾಮಾನ್ಯ ಸ್ಟೈಲಸ್ ತುದಿ 0.6ರಿಂದ 0.7 ಮಿಲ್. ಅದರಲ್ಲಿ ಸದ್ದು ಹೆಚ್ಚು ಬಂದರೆ 1 ಮಿಲ್, ಅಂದರೆ ಸುಮಾರು 25 ಮೈಕ್ರಾನ್ ತುದಿಯ ಮೊನೊ ಸ್ಟೈಲಸ್ ಹಾಕಿ ನೋಡಿ. ದಪ್ಪ ತುದಿ ಗ್ರೂವ್‌ನಲ್ಲಿ ಸ್ವಲ್ಪ ಮೇಲೆ ಕೂರುತ್ತದೆ, ಅಲ್ಲಿನ ಗೋಡೆ ಸವೆಯದೆ ಉಳಿದಿದ್ದರೆ ಹಾಡು ಅಚ್ಚರಿಯಾಗುವಷ್ಟು ತಿಳಿಯಾಗುತ್ತದೆ. ಅಮೆರಿಕನ್ 45ರ ನಡುವಿನ ದೊಡ್ಡ ತೂತಿಗೆ ಹಾಕುವ ಅಡಾಪ್ಟರ್ ಸಡಿಲವಿದ್ದರೆ ರಾಗ ಓಲಾಡುತ್ತದೆ, ಅದನ್ನು ರೆಕಾರ್ಡಿನ ದೋಷ ಅಂದುಕೊಳ್ಳಬೇಡಿ.

ಇಡುವ ವಿಷಯದಲ್ಲಿ ನಮ್ಮ ಮನೆಗಳ ಒಂದು ಅಭ್ಯಾಸ ಸ್ಟೈರೀನ್‌ಗೆ ಮಾರಕ: ಬೀರುವಿನಲ್ಲಿ ನುಸಿಗುಳಿಗೆ ಹಾಕುವುದು. ನ್ಯಾಫ್ತಲೀನ್ ಆವಿ ಪಾಲಿಸ್ಟೈರೀನನ್ನು ಮೆತ್ತಗೆ ಮಾಡುತ್ತದೆ. ಮಂಗಳೂರು, ಕಾರವಾರದ ಮಳೆಗಾಲಕ್ಕೆ ಬೂಷ್ಟಿನ ಭಯವಿದ್ದರೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಆಗಾಗ ಬದಲಿಸಿ. ಮೆತ್ತನೆಯ ಪಿವಿಸಿ ಕವರ್ ಬೇಡ, ಅದರ ಎಣ್ಣೆಯಂಶ ರೆಕಾರ್ಡಿಗೆ ಇಳಿದು ಮಂಜು ಕವಿದಂತಾಗುತ್ತದೆ. ಪಾಲಿಥಿನ್ ಒಳಪದರದ ಕವರ್ ಹಾಕಿ ನೆಟ್ಟಗೆ ನಿಲ್ಲಿಸಿ.

ಇಷ್ಟಾದರೂ ಮೆಚ್ಚಿನ ಹಾಡೊಂದು ಕೇಳುವಂತಿಲ್ಲ ಅನ್ನಿಸಿದರೆ ಇನ್ನೊಂದು ಪ್ರತಿ ಕೊಳ್ಳುವುದೇ ವಾಸಿ. ಮಾರುವವರು ಹಾಕುವ ವಿಜಿ ಪ್ಲಸ್ (ವೆರಿ ಗುಡ್ ಪ್ಲಸ್) ದರ್ಜೆ ಹೆಚ್ಚಾಗಿ ಕಣ್ಣಿಗೆ ಕಂಡದ್ದರ ಮೇಲೆ ಕೊಟ್ಟದ್ದು, ಸ್ಟೈರೀನ್‌ನಲ್ಲಿ ಅದಕ್ಕೆ ಅರ್ಥವಿಲ್ಲ. ಬರೀ ವಿಜಿ ಎಂದಿದ್ದರಂತೂ, ಹೆಸರಿಗೆ ಬಹಳ ಚೆನ್ನಾಗಿದೆ ಎಂದಾದರೂ, ಸದ್ದು ಗ್ಯಾರಂಟಿ. ಓಡಿಸಿ ಕೇಳಿ ದರ್ಜೆ ಕೊಟ್ಟಿದ್ದೀರಾ ಎಂದು ವಿಚಾರಿಸಿ. ಮೂರು ಫೋಟೊ ಕೇಳಿ: ಅಂಚು, ಲೇಬಲ್, ಲೇಬಲ್ ಸುತ್ತಲಿನ ಖಾಲಿ ಪಟ್ಟಿ. ಮೋಟೌನ್ ಆದರೆ ತ್ರಿಕೋನ ಬಿಟ್ಟು ಎಆರ್‌ಪಿ ಮುದ್ರೆ ಇರುವುದನ್ನು ಆರಿಸಿ, ಅಟ್ಲಾಂಟಿಕ್ ಆದರೆ ಎಸ್‌ಪಿ ಅಥವಾ ಪಿಎಲ್. ಬ್ರಿಟನ್ನಿನಲ್ಲಿರುವ ನೆಂಟರು ಬರುವವರಿದ್ದರೆ ಟಾಮ್ಲಾ ಮೋಟೌನ್ ಹೆಸರಿನ ಅಲ್ಲಿಯ ಪ್ರತಿಗಳನ್ನೂ ನೋಡಬಹುದು. 1965ರ ಮಾರ್ಚ್‌ನಲ್ಲಿ ಶುರುವಾದ ಆ ಲೇಬಲ್‌ನ 1960ರ ದಶಕದ ಸಿಂಗಲ್‌ಗಳನ್ನು ಅಲ್ಲಿಯ ಇಎಂಐ ಕಂಪನಿ ವಿನೈಲ್‌ನಲ್ಲೇ ಒತ್ತಿದೆ.