ಅಪ್ಪನ ಮರ ಎಲ್ಲಿ ಹೋಯ್ತು?

ಉಡುಪಿಯ ನಮ್ಮ ಮನೆ ಹಿತ್ತಿಲಲ್ಲಿ ಒಂದು ಮಾವಿನ ಮರ ಇದೆ. ಯಾರೂ ನೆಟ್ಟದ್ದಲ್ಲ, ತಿಂದು ಎಸೆದ ಗೊರಟಿನಿಂದ ತಾನಾಗಿ ಎದ್ದದ್ದು. ಹಣ್ಣು ಕಾಟು ಮಾವಿನಷ್ಟೇ ಸಣ್ಣದು, ನಾರೂ ಇದೆ, ಸಾಸ್ಮೆಗೆ ಹೇಳಿ ಮಾಡಿಸಿದ ಹಾಗೆ. ಆದರೆ ಮೂಗಿಗೆ ಹಿಡಿದರೆ ಮುಂಡಪ್ಪ ಎಂಬ ಮಾವಿನ ತಳಿಯದ್ದೇ ಪರಿಮಳ! ಪಕ್ಕದ ಮನೆಯಲ್ಲಿ ಮುಂಡಪ್ಪ ಮರ ಒಂದಿತ್ತಂತೆ, ನಾನು ಹುಟ್ಟುವ ಮೊದಲೇ ಗಾಳಿಮಳೆಗೆ ಬಿತ್ತಂತೆ. ಈಗ ಬುಡವೂ ಉಳಿದಿಲ್ಲ. ಅಮ್ಮನಿಗೆ ಮಾತ್ರ ಅನುಮಾನವೇ ಇಲ್ಲ, "ಇದು ಆ ಮರದ್ದೇ ಬೆರಕೆ" ಅನ್ನುತ್ತಾರೆ.

ಸುಮ್ನೆ ನಗಬೇಡಿ. ಬೆರಕೆ ಇದ್ದರೆ ಹೆತ್ತ ಮರವೂ ಹತ್ತಿರ ಇದ್ದಿರಬೇಕು ಎಂಬ ಇದೇ ತರ್ಕ ಹಿಡಿದು ಅಮೆರಿಕದ ಯೂಟಾದಲ್ಲಿ ಸಾವಿರಾರು ವರ್ಷ ಹಿಂದಿನ ಹವೆ ಹೇಗಿತ್ತು ಅಂತ ಲೆಕ್ಕ ಹಾಕಿದ್ದಾರೆ.

ಸಾಲ್ಟ್ ಲೇಕ್ ಸಿಟಿ ಪಕ್ಕದ ಬೆಟ್ಟಗಳಲ್ಲಿ ಗ್ಯಾಂಬೆಲ್ ಓಕ್ ಎಂಬ ಮರ ಜಾಸ್ತಿ. ಎಲೆಗೆ ಆಳವಾದ ಸೀಳು, ಚಳಿ ಬಂತೆಂದರೆ ಉದುರುತ್ತದೆ. 1950ರ ದಶಕದಲ್ಲಿ ಯೂಟಾ ವಿಶ್ವವಿದ್ಯಾಲಯದ ವಾಲ್ಟರ್ ಕಾಟಂ ಮತ್ತು ಅವರ ಜೊತೆಯವರಿಗೆ ಇವುಗಳ ನಡುವೆ ಅಲ್ಲೊಂದು ಇಲ್ಲೊಂದು ವಿಚಿತ್ರ ಗುಂಪು ಕಾಣಿಸಿತು. ಎಲೆಯ ಸೀಳು ಆಳವಿಲ್ಲ, ತುದಿಯಲ್ಲಿ ಸಣ್ಣ ಮುಳ್ಳು, ಚಳಿಗೂ ಬೇಗ ಉದುರುವುದಿಲ್ಲ. ಮುಳ್ಳೆಲೆಯ, ವರ್ಷವಿಡೀ ಹಸಿರಾಗಿರುವ ಓಕ್ ಬೇರೆಯೇ ಇದೆ, ಟರ್ಬಿನೆಲ್ಲಾ ಅಂತ. ಈ ಗುಂಪು ಅದರ ಮತ್ತು ಗ್ಯಾಂಬೆಲ್‌ನ ಬೆರಕೆಯ ಹಾಗಿತ್ತು. ಆದರೆ ಟರ್ಬಿನೆಲ್ಲಾ ಬೆಳೆಯುವುದು ನೂರಾರು ಕಿ.ಮೀ. ದಕ್ಷಿಣದ ಬೆಚ್ಚಗಿನ ಜಾಗದಲ್ಲಿ. ಮಗ ಇಲ್ಲಿ, ಅಪ್ಪ ಅಷ್ಟು ದೂರ. ಹೇಗೆ ಮಾರಾಯ್ರೇ?

ಕಾಟಂ, ಟಕರ್, ಡ್ರಾಬ್ನಿಕ್ ಮೂವರೂ ಸೇರಿ 1959ರಲ್ಲಿ ಉತ್ತರ ಕೊಟ್ಟರು. ಕೆಲವು ಸಾವಿರ ವರ್ಷಗಳ ಹಿಂದೆ ಅಲ್ಲಿ ಈಗಿನದಕ್ಕಿಂತ ಸೆಕೆ ಜಾಸ್ತಿ ಇತ್ತು, ಟರ್ಬಿನೆಲ್ಲಾ ಉತ್ತರದವರೆಗೂ ಹಬ್ಬಿತ್ತು, ಗ್ಯಾಂಬೆಲ್ ಜೊತೆ ಬೆರೆಯಿತು. ಆಮೇಲೆ ಚಳಿ ಹೆಚ್ಚಿ ಟರ್ಬಿನೆಲ್ಲಾ ಅಲ್ಲಿಂದ ಅಳಿಯಿತು, ಬೆರಕೆ ಮಾತ್ರ ಉಳಿಯಿತು. ಉಳಿದದ್ದು ಹೇಗೆಂದರೆ, ಈ ಓಕ್‌ಗಳು ನೆಲದಡಿಯಿಂದ ಚಿಗುರುತ್ತಾ ಹೋಗುತ್ತವೆ. ಕಾಂಡ ಸತ್ತರೂ ಬುಡ ಸಾಯುವುದಿಲ್ಲ, ನಮ್ಮ ಬಾಳೆ ಹಾಗೆ. ಒಂದೇ ಬೀಜದ ಗುಂಪು ಬೀಜದ ಹಂಗಿಲ್ಲದೆ ಕಾಲ ತಳ್ಳಬಲ್ಲದು.

ಗಾಳಿಯಲ್ಲಿ ಪರಾಗ ಬಂದಿರಬಾರದೇಕೆ ಅಂತ ಕೇಳಬಹುದು. ಓಕ್ ಪರಾಗ ಗಾಳಿಯಲ್ಲೇ ಹೋಗುವುದು, ನಿಜ. ಆದರೆ ಈಗಲೂ ಹಾಗೆ ಬರುತ್ತಿದ್ದರೆ ಬೀಜದಿಂದ ಎದ್ದ ಎಳೆಯ ಬೆರಕೆ ಗಿಡಗಳೂ ಕಾಣಬೇಕಲ್ವಾ? ಹಳೆಯ ಗುಂಪುಗಳೇ ಕಾಣುವುದಾದರೆ ನನಗೆ ಕಾಟಂ ಮಾತೇ ಹೆಚ್ಚು ಒಪ್ಪಿಗೆ. ಅವರು ಸುಮ್ಮನೆ ಕೂರಲಿಲ್ಲ, 1960ರ ದಶಕದಲ್ಲಿ ಕ್ಯಾಂಪಸ್ಸಿನಲ್ಲೇ ಬೇರೆ ಬೇರೆ ಓಕ್‌ಗಳನ್ನು ಕೈಯಾರೆ ಬೆರೆಸಿ ಸಸಿ ಬೆಳೆಸಿದರು.

ಎಲೆ ನೋಡಿ ಬೆರಕೆ ಅನ್ನುವುದಕ್ಕೆ ಆಗಲೂ ಒಂದು ಲೆಕ್ಕ ಇತ್ತು. ಎಡ್ಗರ್ ಆ್ಯಂಡರ್ಸನ್ ಎಂಬ ಸಸ್ಯವಿಜ್ಞಾನಿ ರೂಢಿಗೆ ತಂದದ್ದು: ಒಂದು ಜಾತಿಯ ಲಕ್ಷಣಕ್ಕೆ ಸೊನ್ನೆ, ಇನ್ನೊಂದರದ್ದಕ್ಕೆ 2, ನಡುವಿನದಕ್ಕೆ 1, ಎಲ್ಲ ಕೂಡಿಸಿ. ಮೊತ್ತ ನಡುವೆ ಬಿದ್ದರೆ ಬೆರಕೆ ಇರಬಹುದು. ಇರಬಹುದು ಅಷ್ಟೇ. ಒಂದೇ ಮರದಲ್ಲಿ ಬಿಸಿಲೆಲೆ ಒಂದು ಥರ, ನೆರಳೆಲೆ ಇನ್ನೊಂದು ಥರ ಇರುತ್ತದೆ, ಎಲೆ ಮೋಸ ಮಾಡುತ್ತದೆ.

ಡಿಎನ್ಎಯಲ್ಲಿ ಹಾಗಾಗುವುದು ಕಷ್ಟ. ಎರಡು ಜಾತಿಗಳು ಎಲ್ಲೆಲ್ಲಿ ಬೇರೆ ಬೇರೆಯೋ ಅಲ್ಲೆಲ್ಲ ಒಂದು ಪ್ರತಿ ಒಂದು ಜಾತಿಯದು, ಇನ್ನೊಂದು ಪ್ರತಿ ಮತ್ತೊಂದು ಜಾತಿಯದು ಇದ್ದರೆ ಮೊದಲ ತಲೆಮಾರಿನ ಬೆರಕೆ. ಅರ್ಧದಷ್ಟು ಕಡೆ ಮಾತ್ರ ಹಾಗಿದ್ದು ಉಳಿದ ಕಡೆ ಎರಡೂ ಪ್ರತಿ ಒಂದೇ ಜಾತಿಯದ್ದಾದರೆ, ಬೆರಕೆ ಮತ್ತೆ ಆ ಜಾತಿಯ ಜೊತೆ ಕೂಡಿದೆ ಅಂತ. ಹತ್ತು ಮರದಲ್ಲೂ ಒಂದೇ ಪಾಠ ಬಂದರೆ ಅದು ಕಾಡಲ್ಲ, ಒಂದೇ ಮರದ ಹತ್ತು ಕಾಂಡ! ಕ್ಲೋರೋಪ್ಲಾಸ್ಟ್ (ಎಲೆಯ ಹಸಿರು ಕಣ) ಡಿಎನ್ಎ ಓಕ್‌ನಲ್ಲಿ ತಾಯಿಯಿಂದ ಮಾತ್ರ ಬರುತ್ತದೆ, ಹಾಗಾಗಿ ತಾಯಿ ಯಾವುದು ಅಂತಲೂ ಗೊತ್ತಾಗುತ್ತದೆ. ಆದರೆ ಅದೊಂದನ್ನೇ ನಂಬಿದರೆ ಕೆಟ್ಟಿರಿ. ಯುರೋಪಿನಲ್ಲಿ ಅಕ್ಕಪಕ್ಕ ಬೆಳೆಯುವ ಎರಡು ಬೇರೆ ಜಾತಿಯ ಓಕ್‌ಗಳು ಒಂದೇ ಥರದ ಕ್ಲೋರೋಪ್ಲಾಸ್ಟ್ ಹಂಚಿಕೊಂಡಿವೆ, ಅದು ಜಾತಿಗಿಂತ ಊರನ್ನೇ ಜಾಸ್ತಿ ಹೇಳುತ್ತದೆ.

ನಮ್ಮ ದೇಶದಲ್ಲೂ ಇಂಥದ್ದೊಂದು ಇದೆ. ತಮಿಳುನಾಡಿನ ಪಿಚ್ಚಾವರಂ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನಲ್ಲಿ ರೈಜೋಫೊರಾ ಎಂಬ ಕುಲದ ಒಂದು ಮರಕ್ಕೆ ಹೊಸ ಜಾತಿ ಅಂತಲೇ ಅಣ್ಣಾಮಲೈಯಾನ ಎಂದು ಹೆಸರಿಟ್ಟಿದ್ದರು. ಡಿಎನ್ಎ ನೋಡಿದಾಗ ಅದು ಅಪಿಕುಲಾಟ ಮತ್ತು ಮುಕ್ರೊನಾಟ ಎಂಬ ಎರಡು ಕಾಂಡ್ಲಾಗಳ ಬೆರಕೆ ಎಂದಾಯಿತು. ಮುಕ್ರೊನಾಟ ನಮ್ಮ ಕುಂದಾಪುರದ ಹಿನ್ನೀರಲ್ಲೂ ಇದೆ. ಅಲ್ಲಿ ದೋಣಿಯಲ್ಲಿ ಹೋಗುವಾಗೆಲ್ಲ ನಾನು ಎಲೆ ನೋಡುತ್ತಾ ಕೂರುತ್ತೇನೆ, ಜೊತೆಯವರು ಹಕ್ಕಿ ನೋಡುತ್ತಾರೆ.

ಇನ್ನು ನಮ್ಮ ಹಿತ್ತಿಲಿನ ಕೇಸು. ಅದು ಎರಡು ಜಾತಿಯ ಬೆರಕೆ ಅಲ್ಲ, ಒಂದೇ ಜಾತಿಯ ಎರಡು ತಳಿಯದ್ದು, ಲೆಕ್ಕ ಸ್ವಲ್ಪ ಕಷ್ಟ. ಆದರೂ ಹೋಲಿಸಿ ನೋಡಲು ನಿಜವಾದ ಮುಂಡಪ್ಪದ ಎಲೆ ಬೇಕು, ಕೊಯ್ದ ಕೂಡಲೇ ಸಿಲಿಕಾ ಜೆಲ್ ಜೊತೆ ಪೊಟ್ಟಣದಲ್ಲಿಟ್ಟು ಒಣಗಿಸಿದರೆ ಡಿಎನ್ಎ ಕೆಡುವುದಿಲ್ಲ. ಬಂಟ್ವಾಳದ ಭಾವನ ತೋಟದಲ್ಲಿ ಹಳೇ ಕಸಿ ಮರ ಇದೆ. ಮೊನ್ನೆ ಫೋನ್ ಮಾಡಿ ಕೇಳಿದೆ. "ಹಣ್ಣು ಕೇಳುವವರನ್ನು ನೋಡಿದ್ದೇನೆ, ಎಲೆ ಕೇಳುವವನು ನೀನೊಬ್ಬನೇ" ಅಂದರು.