ಡಕ್ಟ್ ಕೆಲಸ ಕಲಿಯುವವರಿಗೆ: ಹೋದ ಗಾಳಿ ವಾಪಸ್ ಬರಬೇಕು

ಡಕ್ಟ್ ಅಂದರೆ ಏಸಿ ಯಂತ್ರದಿಂದ ಕೋಣೆಗಳಿಗೆ ಗಾಳಿ ಒಯ್ದು ವಾಪಸ್ ತರುವ ಕೊಳವೆ. ಆ ಹೆಸರು ಕೇಳಿದ ಕೂಡಲೇ ನಮ್ಮ ಗಮನ ಹೋಗುವುದು ಗಾಳಿ ಬೀಸುವ ಕಡೆಗೆ. ಯಾವ ಕೋಣೆಗೆ ಎಷ್ಟು ಇಂಚಿನ ಡಕ್ಟ್, ಗ್ರಿಲ್ ಎಲ್ಲಿ, ಅಷ್ಟೇ ಯೋಚನೆ. ನಾನೂ ಮೊದಲು ಹಾಗೇ ಓದಿಕೊಂಡೆ. ಆದರೆ ಬ್ಲೋವರ್, ಅಂದರೆ ಯಂತ್ರದೊಳಗಿನ ಫ್ಯಾನ್, ಗಾಳಿಯನ್ನು ಹುಟ್ಟಿಸುವುದಿಲ್ಲ. ಮನೆಯಲ್ಲಿರುವ ಗಾಳಿಯನ್ನೇ ಸುತ್ತಿಸುತ್ತದೆ. ವಾಪಸ್ ಬರುವ ದಾರಿ ಇಕ್ಕಟ್ಟಾಗಿದ್ದರೆ, ಕಳಿಸುವ ದಾರಿಯನ್ನು ಎಷ್ಟು ಚೆನ್ನಾಗಿ ಮಾಡಿದರೂ ಕೆಲಸಕ್ಕೆ ಬರುವುದಿಲ್ಲ.

ಹೆಸರುಗಳನ್ನು ಬೇಗ ಮುಗಿಸೋಣ. ಯಂತ್ರದ ಬಾಯಿಗೆ ಕೂರಿಸುವ ದೊಡ್ಡ ತಗಡಿನ ಪೆಟ್ಟಿಗೆ ಪ್ಲೀನಂ. ಅದರಿಂದ ಹೊರಡುವ ದಪ್ಪ ಡಕ್ಟ್ ಟ್ರಂಕ್, ಅದರಿಂದ ಒಂದೊಂದು ಕೋಣೆಗೆ ಒಡೆಯುವುದು ಬ್ರಾಂಚ್. ಕೋಣೆಗೆ ಗಾಳಿ ಬಿಡುವ, ಒಳಗೆ ತೆರೆದು ಮುಚ್ಚುವ ಪಟ್ಟಿಗಳು, ಅಂದರೆ ಎಲೆಗಳಿರುವ ಜಾಲರಿ ರಿಜಿಸ್ಟರ್. ಗಾಳಿ ಎಳೆದುಕೊಳ್ಳುವ ಕಡೆಯದು ರಿಟರ್ನ್ ಗ್ರಿಲ್. ಫಿಲ್ಟರ್ ಇರುವುದು ಈ ಎಳೆಯುವ ಕಡೆಯಲ್ಲೇ.

ಈಗ ಲೆಕ್ಕ. ಒಂದು ಟನ್ ಕೂಲಿಂಗ್ ಅಂದರೆ ಗಂಟೆಗೆ 12,000 ಬಿಟಿಯು (ಶಾಖದ ಒಂದು ಅಳತೆ). ಅದಕ್ಕೆ ಸಾಮಾನ್ಯವಾಗಿ ನಿಮಿಷಕ್ಕೆ 400 ಘನ ಅಡಿ ಗಾಳಿ ಬೇಕು. ಇದನ್ನೇ 400 ಸಿಎಫ್‌ಎಂ ಅನ್ನುತ್ತೇವೆ. 3 ಟನ್ ಯಂತ್ರಕ್ಕೆ 1,200 ಸಿಎಫ್‌ಎಂ ಆಯಿತು. ಮನೆಯ ಒಟ್ಟು ಲೋಡ್‌ನಲ್ಲಿ, ಅಂದರೆ ಯಂತ್ರ ಹೊರಹಾಕಬೇಕಾದ ಶಾಖದಲ್ಲಿ, ಒಂದು ಮಲಗುವ ಕೋಣೆಯ ಪಾಲು ಹತ್ತನೇ ಒಂದು ಅಂದುಕೊಳ್ಳಿ, ಅದಕ್ಕೆ 120 ಸಿಎಫ್‌ಎಂ ಹೋಗಬೇಕು. 6 ಇಂಚಿನ ದುಂಡು ತಗಡಿನ ಡಕ್ಟ್ ಸುಮಾರು 100 ಸಿಎಫ್‌ಎಂ ಸಾಗಿಸುತ್ತದೆ. 8 ಇಂಚಿನದು ಅದರ ಎರಡರಷ್ಟು. ವ್ಯಾಸ ಎರಡೇ ಇಂಚು ಜಾಸ್ತಿ, ಗಾಳಿ ಮಾತ್ರ ದುಪ್ಪಟ್ಟು! ಹಾಗಾಗಿ ಈ ಕೋಣೆಗೆ 7 ಇಂಚಿನದು ಸರಿ.

ಬ್ಲೋವರ್‌ಗೆ ಎಷ್ಟು ಬಲ ಇದೆ ಅನ್ನುವುದನ್ನು ನಾವು ತುಂಬಾ ಜಾಸ್ತಿ ಅಂದುಕೊಂಡಿರುತ್ತೇವೆ. ಮನೆಗೆ ಹಾಕುವ ಎಷ್ಟೋ ಯಂತ್ರಗಳ ಹೊರಗಿನ ಸ್ಟ್ಯಾಟಿಕ್ ಪ್ರೆಷರ್, ಅಂದರೆ ಯಂತ್ರದ ಹೊರಗಿನ ಅಡೆತಡೆಗಳನ್ನು ದಾಟಿಸಲು ಸಿಗುವ ಒತ್ತಡ, 0.5 ಇಂಚು ನೀರು ಮಾತ್ರ. ಸ್ಟ್ರಾ ಹಾಕಿ ನೀರನ್ನು ಅರ್ಧ ಇಂಚು ಮೇಲೆ ಎಳೆಯಿರಿ. ಅಷ್ಟೇ ಬಲ. ಇದರಲ್ಲಿ ಯಂತ್ರದ ಪೆಟ್ಟಿಗೆಯ ಹೊರಗೆ, ಗಾಳಿಯ ದಾರಿಯಲ್ಲಿ ಕೂರಿಸಿದ ಕಾಯಿಲ್ (ಗಾಳಿ ತಂಪು ಮಾಡುವ ಕೊಳವೆ ಸುರುಳಿ) 0.2 ತಿಂದಿತು, ಫಿಲ್ಟರ್ 0.1, ರಿಜಿಸ್ಟರ್ ಮತ್ತು ಗ್ರಿಲ್ ತಲಾ 0.03 ಅಂತ ಇಟ್ಟುಕೊಂಡರೆ, ಎಲ್ಲ ಡಕ್ಟ್‌ಗಳಿಗೆ ಉಳಿದಿದ್ದು 0.14. ಹೋಗುವ ಮತ್ತು ಬರುವ ದಾರಿಗಳಲ್ಲಿ ಅತಿ ಉದ್ದನೆಯದನ್ನು ಬೆಂಡ್‌ಗಳ ಸಮೇತ ಕೂಡಿಸಿದಾಗ 200 ಅಡಿ ಬಂದರೆ, ಪ್ರತಿ 100 ಅಡಿಗೆ 0.07 ಖರ್ಚು ಮಾಡಬಹುದು. ಇದೇ ಫ್ರಿಕ್ಷನ್ ರೇಟ್. ಡಕ್ಟ್ ಸೈಜ್ ಚಾರ್ಟ್ ನೋಡುವುದು ಇದಾದ ಮೇಲೆ. ಬೆಂಡ್‌ಗಳನ್ನು ಕೂಡಿಸುವುದನ್ನು ಮರೆಯಬೇಡಿ. ಚೂಪಾಗಿ ತಿರುಗುವ ಒಂದೇ ಒಂದು ಎಲ್ಬೋ ಹತ್ತಾರು ಅಡಿ ನೇರ ಡಕ್ಟ್‌ನಷ್ಟು ಪ್ರೆಷರ್ ತಿನ್ನಬಹುದು.

ಫ್ಲೆಕ್ಸಿಬಲ್ ಡಕ್ಟ್ (ತಂತಿ ಸುರುಳಿಯ, ಬಾಗುವ ಡಕ್ಟ್) ಹಾಕುವಾಗ ಆಗುವ ತಪ್ಪು ನನ್ನಿಂದಲೇ ಆಗಿದೆ. ಕತ್ತರಿಸಲು ಮನಸ್ಸು ಬರದೆ, ಮುಂದೆ ಬೇಕಾದೀತು ಅಂತ ಮೂರು ಅಡಿ ಜಾಸ್ತಿ ಬಿಟ್ಟು ಸಿಕ್ಕಿಸಿದ್ದೆ. ಗಾಳಿ ಬರುತ್ತಿತ್ತು, ಆದರೆ ಮುಂಗೈ ಹಿಡಿದರೂ ಸರಿಯಾಗಿ ತಾಗದಷ್ಟು ಮೆತ್ತಗೆ. ಒಳಗಿನ ಪದರ ಕುಗ್ಗಿ, ತಂತಿ ಸುರುಳಿಯ ಮಧ್ಯೆ ಮಡಿಕೆಗಳು ಎದ್ದಿದ್ದವು. ಒಂದೊಂದು ಮಡಿಕೆಯೂ ಗಾಳಿಗೆ ಅಡ್ಡ. ಡಕ್ಟ್ ಬಿಚ್ಚಿ, ಬಿಗಿಯಾಗಿ ಎಳೆದು, ಜಾಸ್ತಿ ಇದ್ದದ್ದನ್ನು ಕತ್ತರಿಸಿದೆವು. ಬೇರೇನನ್ನೂ ಮುಟ್ಟಲಿಲ್ಲ. ಅದೇ ರಿಜಿಸ್ಟರ್ ಮುಂದೆ ಹಿಡಿದ ಕಾಗದ ಈ ಸಲ ಪಟಪಟ ಅಂತು. ನಾಲ್ಕೈದು ಅಡಿಗೊಂದು ಕಡೆ ಒಂದೂವರೆ ಇಂಚಿಗಿಂತ ಕಡಿಮೆ ಇಲ್ಲದ ಅಗಲದ ಪಟ್ಟಿಯಿಂದ ತೂಗು ಹಾಕಿ. ಪಟ್ಟಿ ಡಕ್ಟ್‌ನ ಸೊಂಟ ಹಿಂಡಬಾರದು. ಎರಡು ಪಟ್ಟಿಗಳ ನಡುವೆ ಅಡಿಗೆ ಅರ್ಧ ಇಂಚಿಗಿಂತ ಜಾಸ್ತಿ ಜೋತು ಬೀಳಬಾರದು.

ತಗಡಿನ ದುಂಡು ಡಕ್ಟ್‌ನಲ್ಲಿ ಸುಕ್ಕು ಮಾಡಿದ ತುದಿ ಗಾಳಿ ಹೋಗುವ ದಿಕ್ಕಿಗೇ ಇರಬೇಕು. ರಿಟರ್ನ್ ಕಡೆ ಗಾಳಿ ಯಂತ್ರದತ್ತ ಬರುತ್ತದೆ, ಅಲ್ವಾ? ಅಲ್ಲಿ ಸುಕ್ಕಿನ ತುದಿ ಯಂತ್ರದ ಕಡೆಗೆ. ಪ್ರತಿ ಜೋಡಣೆಗೆ ಕನಿಷ್ಠ ಮೂರು ಸ್ಕ್ರೂ. ಆಮೇಲೆ ಮಾಸ್ಟಿಕ್, ಅಂದರೆ ಸಂದು ಮುಚ್ಚುವ ಅಂಟು ಪೇಸ್ಟ್. ಬ್ರಷ್‌ನಲ್ಲಿ ತೆಳ್ಳಗೆ ಸವರಿದರೆ ಸಾಲದು, ಕೆಳಗಿನ ತಗಡು ಕಾಣದ ಹಾಗೆ ದಪ್ಪ ಬಳಿಯಬೇಕು. ಕಾಲು ಇಂಚಿಗಿಂತ ದೊಡ್ಡ ಸಂದು ಇದ್ದರೆ ಮೊದಲು ಫೈಬರ್ ಜಾಲರಿ ಪಟ್ಟಿ ಅಂಟಿಸಿ. ಬಟ್ಟೆಯ ಡಕ್ಟ್ ಟೇಪ್‌ನ ಹೆಸರು ನೋಡಿ ಮೋಸ ಹೋಗಬೇಡಿ. ಅಮೆರಿಕದ ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯದವರು 1990ರ ದಶಕದಲ್ಲಿ ಬಗೆಬಗೆಯ ಸೀಲ್‌ಗಳನ್ನು ಬಿಸಿಗೆ ಒಡ್ಡಿ ನೋಡಿದರು. ಡಕ್ಟ್ ಜೋಡಣೆಗಳ ಮೇಲೆ ಬಾಳದೆ ಹೋದದ್ದು ಈ ಟೇಪೇ.

ಇನ್ನು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ರಿಟರ್ನ್. ನಮ್ಮ 120 ಸಿಎಫ್‌ಎಂ ಕೋಣೆಯ ಬಾಗಿಲು ಹಾಕಿ. ಒಳಗೆ ರಿಟರ್ನ್ ಗ್ರಿಲ್ ಇಲ್ಲ, ಇರುವ ಒಂದೇ ದಾರಿ ಬಾಗಿಲ ಕೆಳಗಿನ ಸಂದು. 30 ಇಂಚು ಅಗಲದ ಬಾಗಿಲು, ಮುಕ್ಕಾಲು ಇಂಚು ಸಂದು ಅಂದರೆ ಸುಮಾರು 22 ಚದರ ಇಂಚು. 3 ಪ್ಯಾಸ್ಕಲ್ (ಒತ್ತಡದ ಇನ್ನೊಂದು ಅಳತೆ) ಒತ್ತಡದಲ್ಲಿ ಅದರಲ್ಲಿ ಹೊರಡುವುದು 40 ಸಿಎಫ್‌ಎಂ ಆಸುಪಾಸು. ಮಿಕ್ಕ 80? ಕೋಣೆಯಲ್ಲಿ ಒತ್ತಡ ಏರುತ್ತದೆ. ಒಂದಿಷ್ಟು ಗಾಳಿ ಕಿಟಕಿ ಸಂದಿಯಲ್ಲಿ ಹೊರಗೆ ಹೋಗುತ್ತದೆ, ಒಂದಿಷ್ಟು ರಿಜಿಸ್ಟರ್‌ನಿಂದ ಒಳಕ್ಕೆ ಬರುವುದೇ ಇಲ್ಲ. ಅತ್ತ ಹಾಲ್‌ನಲ್ಲಿರುವ ರಿಟರ್ನ್ ಎಳೆಯುತ್ತಲೇ ಇರುತ್ತದೆ, ಅಲ್ಲಿ ಒತ್ತಡ ಇಳಿಯುತ್ತದೆ. ಆ ಭಾಗದಲ್ಲಿ ಗ್ಯಾಸ್ ಗೀಸರ್ ಅಥವಾ ಒಲೆಯ ಚಿಮಣಿ ಇದ್ದರೆ ಇದು ಬರೀ ಸೆಕೆಯ ಮಾತಲ್ಲ. ಹೊರಗೆ ಹೋಗಬೇಕಾದ ಹೊಗೆ, ಕಾರ್ಬನ್ ಮಾನಾಕ್ಸೈಡ್ ಸಮೇತ ಮನೆಯೊಳಗೆ ತಿರುಗಬಹುದು. ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ.

ಪರಿಹಾರ ಕಷ್ಟದ್ದಲ್ಲ. ಕೋಣೆಗೇ ಒಂದು ರಿಟರ್ನ್ ಎಳೆಯಬಹುದು. ಇಲ್ಲವೇ ಗೋಡೆಯಲ್ಲಿ ಹಾಲ್‌ಗೆ ಗ್ರಿಲ್ ಕೂರಿಸಬಹುದು. ಸದ್ದು ದಾಟಬಾರದು ಅಂದರೆ ಚಾವಣಿ ಮೇಲಿಂದ ಎರಡೂ ಕಡೆಗೆ ಒಂದು ತುಂಡು ಡಕ್ಟ್ ಕೊಡಬಹುದು. ಅದೇ 3 ಪ್ಯಾಸ್ಕಲ್ ಒಳಗೆ 120 ಸಿಎಫ್‌ಎಂ ದಾಟಲು ಸುಮಾರು 65 ಚದರ ಇಂಚು ತೆರೆದ ಜಾಗ ಬೇಕು. ಗ್ರಿಲ್‌ನ ಪಟ್ಟಿಗಳೂ ಜಾಗ ತಿನ್ನುವುದರಿಂದ ಗ್ರಿಲ್‌ನ ಹೊರ ಅಳತೆ ಇನ್ನೂ ದೊಡ್ಡದಿರಬೇಕು.

ಕೋಣೆ ಕೋಣೆಗೆ ಹೋಗುವ ಗಾಳಿಯನ್ನು ಬ್ಯಾಲೆನ್ಸ್ ಮಾಡುವ ಡ್ಯಾಂಪರ್ (ಡಕ್ಟ್ ಒಳಗೆ ತಿರುಗಿಸುವ ತಗಡು) ಟ್ರಂಕ್‌ನಿಂದ ಬ್ರಾಂಚ್ ಒಡೆಯುವಲ್ಲೇ ಇರಲಿ. ರಿಜಿಸ್ಟರ್‌ನ ಎಲೆ ಮುಚ್ಚಿ ಗಾಳಿ ಕಡಿಮೆ ಮಾಡಿದರೆ ಸೊಯ್ ಅಂತ ಸದ್ದು ಬರುತ್ತದೆ. ಗಾಳಿ ಅಳೆಯುವಾಗ ಬಾಗಿಲುಗಳನ್ನು ಒಮ್ಮೆ ತೆರೆದು, ಒಮ್ಮೆ ಹಾಕಿ ನೋಡಿ. ಸೋರಿಕೆ ಪರೀಕ್ಷೆ ಇನ್ಸುಲೇಶನ್ ಸುತ್ತುವ ಮುಂಚೆಯೇ ಆಗಬೇಕು. ಸುತ್ತಿದ ಮೇಲೆ ಸೋರುವ ಜಾಗಕ್ಕೆ ಕೈ ಹೋಗುವುದಿಲ್ಲ.