ಪ್ಲಗ್ ಕಿತ್ತ ಮೇಲೂ ಉಳಿಯುವ ಕರೆಂಟು

‘ಪ್ಲಗ್ ಕಿತ್ತಾಯ್ತಲ್ಲ, ಇನ್ನೇನು ಭಯ?’ ಎನ್ನುತ್ತಾ ಟಿವಿಯ ಹಿಂಬದಿ ಬಿಚ್ಚುವವರು ಮರೆಯುವುದು ಒಂದು ಸಣ್ಣ ಡಬ್ಬಿಯನ್ನು. ಪವರ್ ಬೋರ್ಡಿನಲ್ಲಿ ಎಲ್ಲಕ್ಕಿಂತ ದಪ್ಪಗೆ ನಿಂತಿರುವ, ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಕೆಪಾಸಿಟರ್ ಅದು. ಹಳಬರ ಬಾಯಲ್ಲಿ ಕಂಡೆನ್ಸರ್.

ಪಂಪ್ ನಿಲ್ಲಿಸಿದ ಮಾತ್ರಕ್ಕೆ ತೊಟ್ಟಿ ಬರಿದಾಗುವುದಿಲ್ಲವಷ್ಟೆ? 230 ವೋಲ್ಟ್ ಎಂದು ನಾವು ಕರೆಯುವ ಎಸಿ ಅಲೆಯ ತುದಿ ನಿಜಕ್ಕೂ 325 ವೋಲ್ಟ್ ಮುಟ್ಟುತ್ತದೆ. ಕೆಪಾಸಿಟರ್ ತುಂಬಿಕೊಳ್ಳುವುದು ಆ ತುದಿಯವರೆಗೆ. ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡುಗಳು ಅದನ್ನು ಹಿಂದಕ್ಕೆ ಹರಿಯಲು ಬಿಡವು. ಬ್ಯಾಟರಿಯನ್ನು ನಲ್ಲಿಗೆ ಹೋಲಿಸಿದರೆ ಇದು ತುಂಬಿದ ಕೊಡ: ಬೋರಲು ಹಾಕಿದರೆ ಇದ್ದದ್ದೆಲ್ಲ ಒಂದೇ ಏಟಿಗೆ ಸುರಿದೀತು. ಇನ್ನೂ ಸರಿಯಾಗಿ ಹೇಳುವುದಾದರೆ ಎಳೆದು ಹಿಡಿದ ಬಿಲ್ಲು. ಎಳೆದವನು ಎದ್ದು ಹೋಗಿದ್ದಾನೆ, ಹೆದೆ ಮಾತ್ರ ಬಿಗಿಯಾಗಿಯೇ ಇದೆ. 220 ಮೈಕ್ರೋಫ್ಯಾರಡ್ (ಕೊಡದ ಗಾತ್ರದ ಅಳತೆ ಎನ್ನಿ) ಕೆಪಾಸಿಟರಿನಲ್ಲಿ ಹೀಗೆ ಕೂಡಿರುವ ಶಕ್ತಿ ಸುಮಾರು 11.6 ಜೂಲ್.

ವಿಚಿತ್ರವೆಂದರೆ, ಸರಿಯಾಗಿ ಓಡುತ್ತಿದ್ದ ಸೆಟ್ಟಿನಲ್ಲಿ ಈ ಅಪಾಯ ಕಡಿಮೆ. ಪ್ಲಗ್ ಕಿತ್ತ ಬಳಿಕವೂ ಸರ್ಕ್ಯೂಟು ಕೆಪಾಸಿಟರನ್ನು ಹೀರಿ ಬೇಗ ಖಾಲಿ ಮಾಡುತ್ತದೆ. ಪವರ್ ಬೋರ್ಡನ್ನು ನಡೆಸುವ ಚಿಪ್, ಅಂದರೆ ಸ್ವಿಚಿಂಗ್ ಐಸಿ, ಶುರುವೇ ಆಗದ ಸೆಟ್ಟಿನಲ್ಲಿ ಹೀರುವವರು ಯಾರೂ ಇಲ್ಲ. ನಾವು ಬಿಚ್ಚುವುದೋ ಕೆಟ್ಟ ಸೆಟ್ಟನ್ನೇ!

ಬೆಂಜಮಿನ್ ಫ್ರಾಂಕ್ಲಿನ್ ಕೂಡ ಇಲ್ಲಿ ಎಡವಿದವನೇ. 1745-46ರಲ್ಲಿ ಬಂದ, ವಿದ್ಯುತ್ ಕೂಡಿಡುವ ಗಾಜಿನ ಲೈಡನ್ ಜಾಡಿ ಕೆಪಾಸಿಟರಿನ ಪೂರ್ವಜ. 1750ರ ಡಿಸೆಂಬರಿನಲ್ಲಿ ಅಂಥ ಎರಡು ದೊಡ್ಡ ಜಾಡಿಗಳಿಂದ ಟರ್ಕಿ ಕೋಳಿಯನ್ನು ಕೊಲ್ಲಲು ಹೊರಟು, ಆಘಾತವನ್ನು ತಾನೇ ತಿಂದ. ಪಿಸ್ತೂಲು ಹಾರಿದಂಥ ಸದ್ದು ಸುತ್ತ ನಿಂತವರಿಗೆ ಕೇಳಿತು, ಅವನಿಗೆ ಕೇಳಲಿಲ್ಲ. ಒಂದು ಕೈ ಜಾಡಿಗಳ ಮೇಲಿನ ತಂತಿಗೆ ತಾಗಿತ್ತು, ಇನ್ನೊಂದರಲ್ಲಿ ಜಾಡಿಗಳ ಹೊರಮೈಗೆ ಸೇರಿದ ಸರಪಳಿ ಇತ್ತು. ಕೈಯಿಂದ ಕೈಗೆ ಹಾದಿ ಎದೆಯ ಮೂಲಕವೇ. ರಿಪೇರಿಯವರು ಒಂದು ಕೈಯನ್ನು ಜೇಬಿನಲ್ಲಿಡುವುದು ಇದಕ್ಕೇ.

ಖಾಲಿ ಮಾಡಲು ಸ್ಕ್ರೂಡ್ರೈವರ್ ಅಡ್ಡ ಹಿಡಿಯುವ ಚಾಳಿ ಬೇಡ. ಕಿಡಿ ಸಿಡಿದು ತುದಿ ಕರಗುತ್ತದೆ, ಕೆಪಾಸಿಟರಿನ ಒಳಜೋಡಣೆಗೂ ಪೆಟ್ಟು. 2,200 ಓಮ್, 10 ವ್ಯಾಟಿನ ವೈರ್‌ವೌಂಡ್ (ತಂತಿ ಸುತ್ತಿದ) ರೆಸಿಸ್ಟರಿಗೆ, ಅಂದರೆ ಕರೆಂಟನ್ನು ತಡೆತಡೆದು ಹರಿಸುವ ಬಿಡಿಭಾಗಕ್ಕೆ, ಇನ್ಸುಲೇಷನ್ ಇರುವ ಎರಡು ಪ್ರೋಬ್ ಬೆಸೆದು, ಅದರ ಲೋಹವೆಲ್ಲ ಮುಚ್ಚುವಂತೆ ಸ್ಲೀವ್ ಹಾಕಿ. ಕೆಪಾಸಿಟರಿನ ಎರಡು ಕಾಲುಗಳಿಗೇ ಮುಟ್ಟಿಸಬೇಕು. ಚಾಸಿಗಲ್ಲ (ಸೆಟ್ಟಿನ ಲೋಹದ ಚೌಕಟ್ಟಿಗಲ್ಲ), ಏಕೆಂದರೆ ಈ ಭಾಗದ ಮೈನಸ್ಸಿಗೂ ಚಾಸಿಗೂ ಸಂಬಂಧವಿಲ್ಲ. ನೀರಿನ ಮಟ್ಟ ಇಳಿದಂತೆ ಧಾರೆ ಸಣ್ಣಗಾಗುವ ಹಾಗೆ ಮೊದಲ ಅರ್ಧ ಸೆಕೆಂಡಿನಲ್ಲಿ ವೋಲ್ಟೇಜು ಸುಮಾರು 37 ಶೇಕಡಾಕ್ಕೆ ಇಳಿದು, ಮುಂದಿನ ಅರ್ಧದಲ್ಲಿ ಉಳಿದದ್ದರ 37ಕ್ಕೆ ಬರುತ್ತದೆ. ಎರಡೂವರೆ ಸೆಕೆಂಡು ಸಾಕು, ಹತ್ತು ಎಣಿಸಿ. ಆಮೇಲೆ ಮಲ್ಟಿಮೀಟರನ್ನು ಡಿಸಿ 600 ಅಥವಾ 1,000 ವೋಲ್ಟಿಗಿಟ್ಟು ನೋಡಿ. ಮೀಟರೇ ಕೆಟ್ಟಿದ್ದರೂ ಸೊನ್ನೆ ತೋರಿಸುತ್ತದೆ, ಹಾಗಾಗಿ ಮೊದಲೂ ಕೊನೆಗೂ ಗೊತ್ತಿರುವ ಬ್ಯಾಟರಿಯೊಂದರ ಮೇಲೆ ಪರೀಕ್ಷಿಸಿ. ಐದು ನಿಮಿಷ ಬಿಟ್ಟು ಮತ್ತೊಮ್ಮೆ ಅಳೆದರೆ ಒಂದಷ್ಟು ವೋಲ್ಟು ತಾನಾಗಿ ಮೇಲೆದ್ದಿರುವುದುಂಟು. ಭೂತಚೇಷ್ಟೆಯಲ್ಲ, ಹಿಂಡಿದ ಸ್ಪಂಜಿನಂತೆ ಡೈಎಲೆಕ್ಟ್ರಿಕ್ಕಿನಲ್ಲಿ, ಅಂದರೆ ಕೆಪಾಸಿಟರಿನೊಳಗಿನ ಇನ್ಸುಲೇಷನ್ ಪದರದಲ್ಲಿ, ಅಂಟಿಕೊಂಡಿದ್ದ ಪಸೆ. ಮತ್ತೆ ಖಾಲಿ ಮಾಡಿ.

ಮೈಕ್ರೋವೇವ್ ಓವನ್ನಿಗೆ ಮಾತ್ರ ಈ ಪಾಠ ಅನ್ವಯಿಸಬೇಡಿ. ಅಲ್ಲಿ 2,000 ವೋಲ್ಟ್ ಮೀರಿದ ಚಾರ್ಜು. ಅದನ್ನು ಇಳಿಸಲು ಕೆಪಾಸಿಟರಿನೊಳಗೆ ರೆಸಿಸ್ಟರ್ ಇಟ್ಟಿರುತ್ತಾರೆ, ಆದರೆ ಅದು ಕಡಿದುಹೋಗಿದೆಯೋ ಎಂಬುದು ಹೊರಗಿನಿಂದ ಕಾಣುವುದಿಲ್ಲ. ತರಬೇತಾದವರೇ ಬಿಚ್ಚಲಿ.

ತಲೆ ಉಬ್ಬಿದ ಕೆಪಾಸಿಟರ್ ಬದಲಿಸುವಾಗ ಮೈಕ್ರೋಫ್ಯಾರಡ್ ಅದೇ ಇರಲಿ. ವೋಲ್ಟೇಜು ಅಷ್ಟೇ ಅಥವಾ ಹೆಚ್ಚು. 105 ಡಿಗ್ರಿ ಸೆಲ್ಸಿಯಸ್ ಶಾಖ ತಾಳುವಂಥದನ್ನೇ ತನ್ನಿ. ಶಾಖ 10 ಡಿಗ್ರಿ ಏರಿದರೆ ಆಯಸ್ಸು ಹೆಚ್ಚುಕಡಿಮೆ ಅರ್ಧವಾಗುತ್ತದೆ, ಬಿಸಿ ಹೀಟ್‌ಸಿಂಕ್ (ಶಾಖ ಹೀರುವ ಲೋಹದ ತುಂಡು) ಪಕ್ಕದ್ದು ಮೊದಲು ಸಾಯುವುದು ಹಾಗೆ. ಮೈಮೇಲಿನ ಪಟ್ಟಿ ಮೈನಸ್ ಕಾಲಿನ ಗುರುತು. ಅದನ್ನು ತಿರುವುಮುರುವು ಹಾಕಿ ಕರೆಂಟು ಕೊಟ್ಟರೆ, ತಲೆಯ ಮೇಲಿನ ಗೀರು ಬಿರಿದು ಒಳಗಿನ ದ್ರವ ಹಬೆಯಾಗಿ ಚಿಮ್ಮುತ್ತದೆ.